ಗೌರಿಯ ರಕ್ತದಲ್ಲಿ ‘ಹರ್ಪಿಸ್’: ವರದಿ ತಪ್ಪೋ, ನಾವು ಓದಿದ್ದು ತಪ್ಪೋ?

ಗೌರಿ ನಮ್ಮ ಮನೆಯ ಎಚ್.ಎಫ್. ಮಿಶ್ರತಳಿ ಆಕಳು. ಎರಡನೇ ಸೂಲಿನಲ್ಲಿ ಹೊತ್ತಿಗೆ ಒಂಬತ್ತು ಲೀಟರಿನಂತೆ ಹಾಲು ಕೊಟ್ಟವಳು. 2023ರ ಬೇಸಿಗೆಯಲ್ಲಿ, ಮೂರನೇ ಸೂಲಿಗೆ ಏಳು ತಿಂಗಳ ಗಬ್ಬ ಇದ್ದಾಗ, ಮಾರಾಟಕ್ಕೆ ತೆಗೆದೆವು. ಕಬ್ಬಿನ ಬಿಲ್ಲು ಬಂದಿರಲಿಲ್ಲ. ಹೊಳೆಯಿಂದ ಹೊಲಕ್ಕೆ ನೀರು ತರುವ ಪೈಪ್‌ಲೈನ್ ಒಡೆದು ಕೂತಿತ್ತು. ಬೀಳಗಿ ಕಡೆಯ ರೈತರೊಬ್ಬರು ಬಂದು ನೋಡಿ, ಕೆಚ್ಚಲು ಮುಟ್ಟಿ, ಹಲ್ಲು ನೋಡಿ, 72 ಸಾವಿರಕ್ಕೆ ಒಪ್ಪಿದರು. ಹೊರಡುವಾಗ ಒಂದು ಮಾತು ಸೇರಿಸಿದರು: “ಅಣ್ಣಾರ, ರಕ್ತ ತಪಾಸಣಿ ಮಾಡಿಸೂಣ್ರೀ. ಚರ್ಮಗಂಟು ಬಂದು ಹ್ವಾದ ಮ್ಯಾಲ ತಪಾಸಣಿ ಇಲ್ಲದ ದನಾ ನಾ ಒಳಗ ಕಟ್ಟೂದಿಲ್ಲ.”

ಅವರ ಮಾತಿನಲ್ಲಿ ತಪ್ಪಿರಲಿಲ್ಲ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ದನದ ಸಂತೆಗಳೇ ನಿಂತುಹೋಗಿದ್ದವು. ಅದನ್ನು ಕಂಡವರು ಜಾಗರೂಕರಾಗುವುದು ಸಹಜ. ನಮಗೂ ಅಂಜಿಕೆ ಇರಲಿಲ್ಲ. ಗೌರಿ ಒಮ್ಮೆಯೂ ಕಂದು ಹಾಕಿದವಳಲ್ಲ, ಮೂಗು ಸೋರಿದ್ದಿಲ್ಲ, ಎರಡು ಸಲ ಸುಸೂತ್ರ ಈದವಳು. ರಕ್ತ ತೆಗೆಸಿ ಒಂದು ಖಾಸಗಿ ಲ್ಯಾಬಿಗೆ ಕಳಿಸಿದೆವು.

ಹತ್ತು ದಿನಕ್ಕೆ ಕಾಗದ ಬಂತು. ಬ್ರುಸೆಲ್ಲಾ ನೆಗೆಟಿವ್. ಅದರ ಕೆಳಗಿನ ಸಾಲಿನಲ್ಲಿ ಐಬಿಆರ್, ಅದರ ಮುಂದೆ ‘ಬೋವೈನ್ ಹರ್ಪಿಸ್ ವೈರಸ್-1’, ಅದರ ಮುಂದೆ ದಪ್ಪಕ್ಷರದಲ್ಲಿ ಪಾಸಿಟಿವ್.

ಐಬಿಆರ್ ಅಂದರೆ ನಮಗೇನು ಗೊತ್ತು? ಗೊತ್ತಿದ್ದದ್ದು ‘ಹರ್ಪಿಸ್’ ಎಂಬ ಮಾತು ಮಾತ್ರ, ಅದೂ ಅರ್ಧಮರ್ಧ. ಕಾಗದ ಓದಿದ ಹುಡುಗನೊಬ್ಬ ಮೊಬೈಲಿನಲ್ಲಿ ನೋಡಿ, “ಇದು ಗಂಡು-ಹೆಣ್ಣಿನಿಂದ ಬರೂ ರೋಗ ಐತ್ರೀ” ಅಂದುಬಿಟ್ಟ. ಸಂಜೆಯೊಳಗೆ ಓಣಿಗೆಲ್ಲ ಸುದ್ದಿ. ಮನೆಗೆ ಬಂದು ಹಾಲು ಒಯ್ಯುತ್ತಿದ್ದ ಎರಡು ಮನೆಯವರು ಮರುದಿನದಿಂದ ಬರಲಿಲ್ಲ. ಡೇರಿಯಲ್ಲಿ “ನಿಮ್ಮ ಹಾಲು ಸ್ವಲ್ಪ ದಿನ ಬ್ಯಾಡ” ಎಂದರು. ಎಮ್ಮೆಯ ಹಾಲಿಗೂ ಅದೇ ಗತಿ. ಬೀಳಗಿಯವರು ಫೋನ್ ಮಾಡಿ ವ್ಯವಹಾರ ಮುರಿದುಕೊಂಡರು. ಮೂರನೇ ದಿನಕ್ಕೆ ದಲಾಲಿಯೊಬ್ಬ ಬಂದು 18 ಸಾವಿರ ಹೇಳಿದ. ಆ ದರಕ್ಕೆ ಆಕಳು ಎಲ್ಲಿಗೆ ಹೋಗುತ್ತದೆ ಅಂತ ಬೇರೆ ಹೇಳಬೇಕಿಲ್ಲ.

ನಮ್ಮ ಅವ್ವ ಒಂದೇ ಮಾತು ಅಂದಳು: “ಆಕಳಾ ಮೇವು ತಿಂತೈತಿ, ಮೆಲುಕು ಹಾಕತೈತಿ. ರೋಗ ಬಂದಿದ್ದು ಕಾಗದಕ್ಕ.” ನನಗೂ ಹಾಗೇ ಅನ್ನಿಸಿತು. ವರದಿಯೇ ಸುಳ್ಳು ಎಂದು ಸಾಧಿಸಲು ಹೊರಟೆ. ಕೊನೆಗೆ ಸಾಧಿಸಿದ್ದು ಬೇರೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಯಾಕಂದರೆ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಸುತ್ತ ಈಗ ಸಾಲ ಮಾಡಿ ಹೈನು ಕಟ್ಟುವವರು ಹೆಚ್ಚು. ಇಂಥ ಕಾಗದ ಇನ್ನೂ ಹಲವರ ಕೈಗೆ ಬರುತ್ತದೆ.

ಮೊದಲು ಹೆಸರಿನ ಗೊಂದಲ

ಪಶು ಆಸ್ಪತ್ರೆಯ ಡಾಕ್ಟರ್ ಸಾಹೇಬರ ಮುಂದೆ ಕಾಗದ ಇಟ್ಟಾಗ ಅವರು ಮೊದಲು ತಿಳಿಸಿದ್ದು ಹೆಸರಿನ ವಿಷಯ. ಹರ್ಪಿಸ್ ಎನ್ನುವುದು ಒಂದು ವೈರಾಣುವಿನ ಹೆಸರಲ್ಲ, ಒಂದು ಮನೆತನದ ಹೆಸರು. ಮಕ್ಕಳಿಗೆ ಬರುವ ಸೀತಾಳ ಸಿಡುಬು ಈ ಮನೆತನದ್ದೇ. ಜ್ವರ ಬಂದಾಗ ತುಟಿಯ ಮೇಲೆ ಏಳುವ ಗುಳ್ಳೆಯೂ ಇದರದ್ದೇ. ದನಕ್ಕೆ ಬರುವುದು ಬೇರೆ ಸದಸ್ಯ. ದನದ ಐಬಿಆರ್ ವೈರಾಣು ಮನುಷ್ಯನಿಗೆ ಹತ್ತುವುದಿಲ್ಲ, ಹಾಲಿನಿಂದಲೂ ಇಲ್ಲ, ಮೈ ತೊಳೆಯುವುದರಿಂದಲೂ ಇಲ್ಲ. ಇದೊಂದು ಮಾತು ಮೊದಲ ದಿನವೇ ಗೊತ್ತಿದ್ದರೆ ನಮ್ಮ ಹಾಲು ಹದಿನೈದು ದಿನ ಮನೆಯಲ್ಲೇ ಮೊಸರಾಗುತ್ತಿರಲಿಲ್ಲ.

ಮನುಷ್ಯರಿಗೆ ನಿಜಕ್ಕೂ ಅಪಾಯ ಇರುವುದು ಬ್ರುಸೆಲ್ಲಾದಿಂದ. ಅದು ಹಸಿ ಹಾಲಿನಿಂದಲೂ ಬರುತ್ತದೆ, ಕಂದು ಹಾಕಿದ ದನದ ಮಾಸನ್ನು ಬರಿಗೈಯಲ್ಲಿ ಎತ್ತಿದರೂ ಬರುತ್ತದೆ. ನಮ್ಮ ಕಾಗದದಲ್ಲಿ ಅದು ನೆಗೆಟಿವ್ ಇತ್ತು. ಆ ಸಾಲನ್ನು ಓಣಿಯಲ್ಲಿ ಯಾರೂ ಓದಲಿಲ್ಲ.

ದನದ ಈ ರೋಗ 1950ರ ದಶಕದಲ್ಲಿ ಅಮೆರಿಕದ ದೊಡ್ಡ ದನದ ಕೊಟ್ಟಿಗೆಗಳಲ್ಲಿ ಮೂಗು, ಗಂಟಲಿನ ಬೇನೆಯಾಗಿ ಕಾಣಿಸಿಕೊಂಡಿತು. ನಮ್ಮ ದೇಶದಲ್ಲಿ 1976ರಲ್ಲಿ ಉತ್ತರ ಪ್ರದೇಶದಿಂದ ಮೊದಲ ವರದಿ ಬಂತು, ಮಿಶ್ರತಳಿ ಕರುಗಳ ಕಣ್ಣುಬೇನೆಯಲ್ಲಿ. ಮೂಗು ಸೋರುವುದು, ಕಣ್ಣು ಕೆಂಪಾಗುವುದು, ಜ್ವರ, ಹಾಲು ಇಳಿಯುವುದು, ಗಬ್ಬದ ಐದರಿಂದ ಎಂಟು ತಿಂಗಳ ನಡುವೆ ಕಂದು ಹಾಕುವುದು ಇದರ ಲಕ್ಷಣ. ಹೋರಿ ಹಾರಿಸಿದಾಗ ಹರಡಿದರೆ ಈಣಿನಲ್ಲಿ ಗುಳ್ಳೆ ಏಳುತ್ತವೆ. ಎಷ್ಟೋ ದನಗಳಲ್ಲಿ ಏನೂ ಕಾಣಿಸದೆ ಬಂದು ಹೋಗುತ್ತದೆ.

‘ಹೋಗುತ್ತದೆ’ ಅಂದೆ. ಸಾಹೇಬರು ಅಲ್ಲೇ ತಡೆದರು. ಈ ಮನೆತನದ ಗುಣವೇ ಹೋಗದಿರುವುದು. ಬೇನೆ ಇಳಿದ ಮೇಲೆ ವೈರಾಣು ನರದ ಗಂಟುಗಳಲ್ಲಿ ಅಡಗಿ ಕೂರುತ್ತದೆ, ಜೀವ ಇರುವವರೆಗೆ. ದೂರದ ಸಾಗಾಟ, ಈಯುವ ತ್ರಾಸು, ಮೇವಿನ ಕೊರತೆ, ಇಲ್ಲವೇ ಸ್ಟಿರಾಯ್ಡ್ ಇಂಜೆಕ್ಷನ್ ಬಿದ್ದಾಗ ಎದ್ದು ಮತ್ತೆ ಮೂಗಿನ ನೀರಿನಲ್ಲಿ ಹೊರಬರಬಹುದು.

ಪರೀಕ್ಷೆ ನೋಡುವುದು ಏನನ್ನು?

ಇಲ್ಲಿ ನಾನು ದೊಡ್ಡ ತಪ್ಪು ತಿಳಿದಿದ್ದೆ. ಲ್ಯಾಬಿನವರು ರಕ್ತದಲ್ಲಿ ರೋಗಾಣುವನ್ನು ಕಂಡರು ಅಂತ ನನ್ನ ಲೆಕ್ಕ. ಹಾಗಲ್ಲ. ರಕ್ತ ಹೆಪ್ಪುಗಟ್ಟಿದ ಮೇಲೆ ಮೇಲೆ ನಿಲ್ಲುವ ತಿಳಿನೀರು, ಅಂದರೆ ಸೀರಮ್‌ನಲ್ಲಿ, ಆ ರೋಗಾಣುವಿನ ಎದುರು ಮೈ ತಯಾರಿಸಿದ ಪ್ರತಿಕಾಯಗಳು ಇವೆಯೋ ಎಂದು ಎಲೈಸಾ ಪರೀಕ್ಷೆ ನೋಡುತ್ತದೆ. ಕಳ್ಳನನ್ನು ಹಿಡಿದಂತಲ್ಲ, ಕಳ್ಳ ಎಂದೋ ಬಂದಿದ್ದನೆಂದು ನಾಯಿಗೆ ವಾಸನೆ ನೆನಪಿದ್ದಂತೆ. ಬಂದದ್ದು ನಿನ್ನೆಯೋ ಐದು ವರ್ಷದ ಹಿಂದೆಯೋ, ಒಂದು ಸಲದ ಪರೀಕ್ಷೆ ಹೇಳುವುದಿಲ್ಲ. ವೈರಾಣುವನ್ನೇ ಹುಡುಕುವುದು ಪಿಸಿಆರ್, ಅದಕ್ಕೆ ಮೂಗಿನ ಸ್ವಾಬ್ ಇಲ್ಲವೇ ವೀರ್ಯ ಬೇಕು. ಬೇನೆ ಶುರುವಾದ ಮೊದಲ ದಿನಗಳಲ್ಲೇ ಸ್ವಾಬ್ ತೆಗೆಯಬೇಕು.

“ಹಂಗಾದ್ರ ಈ ಪಾಸಿಟಿವ್ ಸುಳ್ಳ ಇರಬಹುದೇನ್ರೀ?” ಎಂದು ಕೇಳಿದೆ. ಅವರು ಕಾಗದದ ಹಿಂಬದಿ ಲೆಕ್ಕ ಬರೆದು ತೋರಿಸಿದರು. ಆ ಲೆಕ್ಕ ನನಗೆ ಬಹಳ ಹಿಡಿಸಿತು.

ಒಂದು ಪರೀಕ್ಷೆ ನೂರಕ್ಕೆ 95 ಸಲ ಸರಿ ಹೇಳುತ್ತದೆ ಅಂತ ಇಟ್ಟುಕೊಳ್ಳಿ, ಸೋಂಕಿದ್ದದ್ದಕ್ಕೂ ಇಲ್ಲದ್ದಕ್ಕೂ. ಒಂದು ಊರಿನ 100 ಆಕಳಲ್ಲಿ 40ಕ್ಕೆ ಸೋಂಕು ಇದೆ. ಆ 40ರಲ್ಲಿ 38 ಪಾಸಿಟಿವ್ ಬರುತ್ತವೆ. ಸೋಂಕಿಲ್ಲದ 60ರಲ್ಲಿ 3 ಸುಳ್ಳೇ ಪಾಸಿಟಿವ್ ಬರುತ್ತವೆ. ಒಟ್ಟು 41 ಪಾಸಿಟಿವ್‌ನಲ್ಲಿ 38 ನಿಜ. ಈಗ ಇನ್ನೊಂದು ಊರು. ಅಲ್ಲಿ 100ರಲ್ಲಿ 2ಕ್ಕೆ ಮಾತ್ರ ಸೋಂಕು. ಆ ಎರಡೂ ಪಾಸಿಟಿವ್ ಬಂದವು ಅನ್ನಿ. ಸೋಂಕಿಲ್ಲದ 98ರಲ್ಲಿ ಸುಮಾರು 5 ಸುಳ್ಳೇ ಪಾಸಿಟಿವ್. ಒಟ್ಟು 7ರಲ್ಲಿ 2 ಮಾತ್ರ ನಿಜ. ಕಿಟ್ ಅದೇ, ಲ್ಯಾಬ್ ಅದೇ, ಆದರೆ ಎರಡನೇ ಊರಿನಲ್ಲಿ ಕಾಗದದ ಮಾತು ಹೆಚ್ಚಿನ ಪಾಲು ಸುಳ್ಳು.

“ನಿಮ್ಮ ಆಕಳ ಮೊದಲನೇ ಊರಿಂದು” ಎಂದರು ಸಾಹೇಬರು. ಮಿಶ್ರತಳಿ ದನಗಳಲ್ಲಿ ಐಬಿಆರ್ ಪ್ರತಿಕಾಯ ನಮ್ಮ ದೇಶದಲ್ಲಿ ಅಪರೂಪವಲ್ಲ. ಆದ್ದರಿಂದ ಸುಳ್ಳು ಅನ್ನುವುದಕ್ಕಿಂತ ನಿಜ ಅನ್ನುವ ಸಾಧ್ಯತೆಯೇ ಹೆಚ್ಚು. ನನಗೆ ಬೇಸರವಾಯಿತು. ಆದರೂ ಒಂದೇ ಕಾಗದದ ಮೇಲೆ ಆಕಳನ್ನು ಕಸಾಯಿಖಾನೆಗೆ ಕಳಿಸುವುದೂ ಸಲ್ಲ ಎಂದು ಅವರೇ ಹೇಳಿದರು.

ನಮ್ಮ ಜಿಲ್ಲೆಯವರಿಗೆ ಇದು ಹೊಸ ಪಾಠವಾಗಬಾರದಿತ್ತು. ಎಚ್‌ಐವಿ ಹೆಚ್ಚಿದ್ದ ಕಾಲದಲ್ಲಿ, 2003ರಲ್ಲಿ, ಬಾಗಲಕೋಟೆ ಜಿಲ್ಲೆಯಲ್ಲಿ ನಡೆದ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಸೋಂಕು ಕಂಡಿತ್ತು. ಸರ್ಕಾರಿ ಐಸಿಟಿಸಿ ಕೇಂದ್ರದಲ್ಲಿ ಒಂದೇ ಕಿಟ್ ನೋಡಿ ಯಾರಿಗೂ ‘ಪಾಸಿಟಿವ್’ ಎಂದು ಹೇಳುವುದಿಲ್ಲ. ಬೇರೆ ಬೇರೆ ಮೂರು ಕಿಟ್‌ನಲ್ಲಿ ಬಂದರೆ ಮಾತ್ರ. ಮನುಷ್ಯನಿಗೆ ಕೊಡುವ ಆ ನ್ಯಾಯವನ್ನು ದನಕ್ಕೆ ಕೊಡುವುದು ನಮಗೆ ಹೊಳೆಯಲಿಲ್ಲ.

ಮರುಪರೀಕ್ಷೆ

ಮೊದಲು ಕೇಳಬೇಕಾದದ್ದು ರಕ್ತ ಯಾರದು ಎಂದು. ನಗಬೇಡಿ. ಅಂದು ಅದೇ ಡಬ್ಬಿಯಲ್ಲಿ ಬೇರೆಯವರ ದನಗಳ ರಕ್ತವೂ ಹೋಗಿತ್ತು. ಕಿವಿಯೋಲೆಯ 12 ಅಂಕಿಯನ್ನು ಟ್ಯೂಬಿನ ಚೀಟಿಯೊಂದಿಗೆ ಕೂಡಿಸಿ ನೋಡಿದೆವು, ಸರಿ ಇತ್ತು. ಎರಡನೆಯದು, ಯಾವ ಪರೀಕ್ಷೆ, ಅಂಕಿ ಎಷ್ಟು? ಕಾಗದದಲ್ಲಿ ಬರೇ ‘ಪಾಸಿಟಿವ್’ ಇತ್ತು. ಫೋನ್ ಮಾಡಿ ಕೇಳಿದ ಮೇಲೆ ಅಂಕಿ ಕೊಟ್ಟರು. ಪ್ರತಿ ಕಿಟ್‌ಗೂ ಒಂದು ಗಡಿ ಅಂಕಿ ಇರುತ್ತದೆ, ಅದರಾಚೆ ಪಾಸಿಟಿವ್. ಗಡಿಯ ಮಗ್ಗುಲಲ್ಲೇ ಇದ್ದದ್ದನ್ನು ಸಂಶಯದ್ದೆಂದು ತಿಳಿಯಬೇಕು. ಗೌರಿಯದು ಗಡಿಗಿಂತ ಬಹಳ ಮೇಲಿತ್ತು. ನನ್ನ ವಾದ ಇನ್ನಷ್ಟು ಸೊರಗಿತು. ಮೂರನೆಯದು, ಲಸಿಕೆ ಹಾಕಿಸಿದ್ದರೇ? ಐಬಿಆರ್ ಲಸಿಕೆ ಬಿದ್ದ ದನವೂ ಸಾಮಾನ್ಯ ಪರೀಕ್ಷೆಯಲ್ಲಿ ಪಾಸಿಟಿವ್ ಬರುತ್ತದೆ. ನಾವು ಹಾಕಿಸಿರಲಿಲ್ಲ.

ಆಮೇಲೆ ಜೋಡಿ ಪರೀಕ್ಷೆ. ಇಂದು ಒಂದು ಸಲ, ಮೂರು ವಾರ ಬಿಟ್ಟು ಇನ್ನೊಂದು ಸಲ ರಕ್ತ ತೆಗೆದು, ಎರಡನ್ನೂ ಒಂದೇ ದಿನ ಒಂದೇ ಕಡೆ ನೋಡಬೇಕು. ಮೊದಲಿನ ಲ್ಯಾಬಿನವರು ಹಳೆಯ ಸೀರಮ್ ಇಟ್ಟಿರಲಿಲ್ಲ, ಹಾಗಾಗಿ ಎರಡೂ ಹೊಸದಾಗಿ ತೆಗೆಸಿದೆವು. ಪಶು ಆಸ್ಪತ್ರೆಯ ಮೂಲಕ, ಐಸ್ ಡಬ್ಬಿಯಲ್ಲಿ ಬೆಂಗಳೂರಿಗೆ ಹೋಯಿತು. ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಒಳ್ಳೆಯ ವ್ಯವಸ್ಥೆ ಇದೆ. ಯಲಹಂಕದ ನಿವೇದಿ ಸಂಸ್ಥೆ (2013ರ ಮುಂಚೆ ಹೆಬ್ಬಾಳದ ಪಿಡಿ-ಆಡ್ಮಾಸ್ ಎಂದಿತ್ತು) ಐಬಿಆರ್ ಪ್ರತಿಕಾಯ ನೋಡುವ ಎಲೈಸಾ ಕಿಟ್ಟನ್ನು ತಾನೇ ತಯಾರಿಸಿದೆ.

ಈ ಜೋಡಿ ಪರೀಕ್ಷೆಯಲ್ಲಿ ನೋಡುವುದು ಪ್ರತಿಕಾಯ ಏರುತ್ತಿದೆಯೋ ಎಂದು. ಮಹಾಲಿಂಗಪುರದ ಬೆಲ್ಲ ಗೊತ್ತಿದ್ದವರಿಗೆ ಇದನ್ನು ತಿಳಿಸುವುದು ಸುಲಭ. ಒಂದು ಲೋಟ ಬೆಲ್ಲದ ನೀರಿಗೆ ಅಷ್ಟೇ ನೀರು ಹಾಕಿ, ಅದರಲ್ಲಿ ಅರ್ಧ ತೆಗೆದು ಮತ್ತೆ ಅಷ್ಟೇ ನೀರು ಹಾಕಿ, ಹೀಗೆ ಎಷ್ಟು ಸಲ ತೆಳುವಾಗಿಸಿದರೂ ಸಿಹಿ ಸಿಗುತ್ತದೆ ಎಂದು ಎಣಿಸಿದಂತೆ. ಐದು ಸಲ ಎಂದರೆ 32 ಪಟ್ಟು, ಏಳು ಸಲ ಎಂದರೆ 128 ಪಟ್ಟು. ಮೊದಲ ರಕ್ತದಲ್ಲಿ 32 ಇದ್ದು ಮೂರು ವಾರಕ್ಕೆ 128 ಆದರೆ, ನಾಲ್ಕು ಪಟ್ಟು ಏರಿತು, ಸೋಂಕು ಹೊಸದು ಎಂದು ಅರ್ಥ. ಗೌರಿಯದು ಎರಡರಲ್ಲೂ 32. ಸೋಂಕು ನಿಜ, ಆದರೆ ಹಳೆಯದು. ಯಾವಾಗ ತಗುಲಿತೋ ದೇವರೇ ಬಲ್ಲ. ನಾವು ಅವಳನ್ನು ಕೊಂಡದ್ದೇ ಕಡಸಾಗಿದ್ದಾಗ, ಸಂತೆಯಿಂದ.

ಅಂದರೆ ನಾನು ಸುಳ್ಳೆಂದು ಸಾಧಿಸಲು ಹೊರಟ ವರದಿ ಸುಳ್ಳಾಗಿರಲಿಲ್ಲ. ಅದು ಹೇಳಿದ್ದು ‘ಈ ಮೈಗೆ ಆ ವೈರಾಣುವಿನ ಪರಿಚಯ ಇದೆ’ ಎಂದಷ್ಟೇ. ಊರು ಓದಿದ್ದು ‘ಈ ಆಕಳು ರೋಗಿ, ಹಾಲು ವಿಷ’ ಎಂದು.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಕಂದು ಹಾಕಿದ ದನಕ್ಕೆ ಐಬಿಆರ್ ಪಾಸಿಟಿವ್ ಬಂದರೆ, ಕಂದು ಹೋದದ್ದು ಅದರಿಂದಲೇ ಎಂದು ತೀರ್ಮಾನಿಸಬಾರದು. ಹಳೆಯ ಪ್ರತಿಕಾಯ ಇರಬಹುದು, ಕಾರಣ ಬ್ರುಸೆಲ್ಲಾವೋ ಇನ್ನೊಂದೋ ಇರಬಹುದು. ಸೋಂಕಾಗಿ ಎಷ್ಟೋ ವಾರಗಳ ಮೇಲೆ ಕಂದು ಬೀಳುವುದರಿಂದ, ಆ ಹೊತ್ತಿಗೆ ಪ್ರತಿಕಾಯ ಏರಿ ನಿಂತಿರುತ್ತದೆ, ಜೋಡಿ ಪರೀಕ್ಷೆಯೂ ಸುಳಿವು ಕೊಡದೆ ಹೋಗಬಹುದು. ಕಂದನ್ನೂ ಮಾಸನ್ನೂ ಕೈಚೀಲ ಹಾಕಿಕೊಂಡು ಎತ್ತಿ, ಐಸಿನಲ್ಲಿಟ್ಟು ಕಳಿಸುವುದೇ ಸರಿಯಾದ ದಾರಿ. ನಾವು ಹೂತುಬಿಟ್ಟು ಆಮೇಲೆ ರಕ್ತ ಕೊಡುತ್ತೇವೆ.

ಬೀಳಗಿಯವರು ಮಾಡಿದ್ದು ಸರಿಯೇ?

ಎರಡನೇ ವರದಿ ಬಂದ ಮೇಲೆ ಅವರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದೆ. “ಹಳೇ ಸೋಂಕು ಐತಿ, ಈಗ ರೋಗಿಲ್ಲ” ಎಂದೆ. ಅವರು ತಮ್ಮ ಆರು ದನಗಳ ರಕ್ತವನ್ನೂ ಅಷ್ಟರಲ್ಲಿ ತಪಾಸಣೆ ಮಾಡಿಸಿದ್ದರು, ಆರೂ ನೆಗೆಟಿವ್. “ನೀವs ಹೇಳ್ರಿ ಅಣ್ಣಾರ, ನಾ ಏನ್ ಮಾಡ್ಲಿ?” ಅಂದರು. ನನ್ನ ಬಾಯಿ ಕಟ್ಟಿತು. ಎಂಟನೇ ತಿಂಗಳ ಗಬ್ಬದ ಆಕಳನ್ನು ಟೆಂಪೋದಲ್ಲಿ ಕುಲುಕಿಸಿ ಒಯ್ದು, ಹೊಸ ಗ್ವಾದಲಿಗೆ ಕಟ್ಟಿ, ತಿಂಗಳಲ್ಲಿ ಈಯಿಸಿದರೆ ಅಡಗಿದ ವೈರಾಣು ಏಳಲು ಬೇಕಾದದ್ದೆಲ್ಲ ಸೇರಿಬರುತ್ತದೆ. ಸೋಂಕು ಕಾಣದ ಅವರ ಆರು ದನಕ್ಕೆ ಅದು ದೊಡ್ಡ ಅಪಾಯ. ಅವರು ಬೇಡ ಅಂದದ್ದು ಸರಿ ಎಂದೇ ನಾನು ಒಪ್ಪಿಕೊಂಡೆ. ಮನೆಯಲ್ಲಿ ಇದಕ್ಕೆ ಬೈಸಿಕೊಂಡೂ ಆಯಿತು. “ಸುಮ್ಮನಿದ್ದು ಕೊಟ್ಟುಬಿಡಬೇಕಿತ್ತು” ಅಂದವರೂ ಇದ್ದಾರೆ. ಸಂತೆಯಲ್ಲಿ ನನಗೆ ಗೌರಿಯನ್ನು ಕೊಟ್ಟವರು ಹಾಗೆ ಸುಮ್ಮನಿದ್ದುದರಿಂದಲೇ ಇಷ್ಟೆಲ್ಲ ಆಯಿತೋ ಏನೋ.

ಡೆನ್ಮಾರ್ಕ್, ಸ್ವೀಡನ್, ಫಿನ್ಲೆಂಡ್, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಈ ರೋಗವನ್ನು ದೇಶದಿಂದಲೇ ಹೊರಗೆ ಹಾಕಿವೆ. ಪಾಸಿಟಿವ್ ದನಗಳನ್ನು ತೆಗೆಯುತ್ತಾ ಹೋಗಿ ಸಾಧಿಸಿದ್ದು. ನಮ್ಮಲ್ಲಿ ಆ ಲೆಕ್ಕ ಹಿಡಿದರೆ ಕೊಟ್ಟಿಗೆಗಳು ಖಾಲಿಯಾಗುತ್ತವೆ. ಪಾಸಿಟಿವ್ ಆಕಳನ್ನು ಇದ್ದಲ್ಲೇ ಇಟ್ಟುಕೊಂಡು ಹುಷಾರಾಗಿರುವುದೇ ನಮ್ಮಂಥವರ ದಾರಿ. ಆದರೆ ವೀರ್ಯ ಕೇಂದ್ರದ ಹೋರಿಯ ಮಾತು ಬೇರೆ. ಒಂದು ಹೋರಿಯ ವೀರ್ಯ ಸಾವಿರಾರು ಕೊಟ್ಟಿಗೆಗೆ ಹೋಗುತ್ತದೆ, ಅದಕ್ಕೇ ಅಲ್ಲಿ ಐಬಿಆರ್ ಪರೀಕ್ಷೆ ನಿಯಮವಾಗಿ ನಡೆಯುತ್ತದೆ. ಊರ ಹೋರಿಗೆ ಯಾವ ಪರೀಕ್ಷೆಯೂ ಇಲ್ಲ.

ಎಮ್ಮೆ ಮತ್ತು ಕರು

ಅದೇ ಸಮಯದಲ್ಲಿ ನಮ್ಮ ಮುರ್ರಾ ಎಮ್ಮೆಯ ರಕ್ತವನ್ನೂ ಕೊಟ್ಟಿದ್ದೆವು. ಅದು ಗಡಿಯ ಅಂಕಿಯನ್ನು ಸ್ವಲ್ಪವೇ ದಾಟಿ ಪಾಸಿಟಿವ್ ಬಂತು. ಇಲ್ಲಿ ಸಂಶಯಕ್ಕೆ ನಿಜವಾದ ಕಾರಣ ಇದೆ. ಎಮ್ಮೆಗೆ ಅದರದ್ದೇ ಆದ ಒಂದು ಹರ್ಪಿಸ್ ವೈರಾಣು ಇದೆ, ದನದ್ದಕ್ಕೆ ಅಣ್ಣ-ತಮ್ಮನಷ್ಟು ಹತ್ತಿರ. ಐಬಿಆರ್ ಕಿಟ್ಟಿಗೆ ಎರಡರ ಪ್ರತಿಕಾಯವೂ ಒಂದೇ ಥರ ಕಾಣಬಹುದು. ಎರಡನ್ನೂ ಬೇರ್ಪಡಿಸಿ ನೋಡುವ ಪರೀಕ್ಷೆ ಎಲ್ಲ ಲ್ಯಾಬಿನಲ್ಲಿ ಇಲ್ಲ. ಎಮ್ಮೆಯ ಐಬಿಆರ್ ಪಾಸಿಟಿವ್ ಕಂಡವರು ಇದನ್ನು ಕೇಳದೆ ಬಿಡಬಾರದು. ನಮ್ಮ ಎಮ್ಮೆಯ ಪ್ರಶ್ನೆ ಇನ್ನೂ ಹಾಗೇ ಇದೆ. ಹಾಲು ಕೊಡುತ್ತಿದೆ.

ಗೌರಿ ನಮ್ಮ ಮನೆಯಲ್ಲೇ ಈದಳು, ಹೆಣ್ಣುಗರು. ಎರಡು ತಿಂಗಳಾದಾಗ ಕರುವಿನ ರಕ್ತವೂ ಪಾಸಿಟಿವ್! ಈ ಸಲ ನಾನು ಗಾಬರಿಯಾಗಲಿಲ್ಲ. ಗಿಣ್ಣದ ಹಾಲಿನಲ್ಲಿ ತಾಯಿಯ ಪ್ರತಿಕಾಯ ಕರುವಿಗೆ ಇಳಿದಿರುತ್ತದೆ, ಆರು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಉಳಿಯುತ್ತದೆ. ಹತ್ತು ತಿಂಗಳಿಗೆ ಮತ್ತೆ ನೋಡಿಸಿದಾಗ ನೆಗೆಟಿವ್. ಅಂಥ ಕರುವನ್ನು ಎರಡನೇ ತಿಂಗಳ ಕಾಗದ ನೋಡಿ ಮಾರಿದ್ದರೆ ಹಾಳಾಗಿ ಹೋಗುತ್ತಿತ್ತು. ಉಲ್ಟಾ ಮಾತೂ ಇದೆ: ಗಿಣ್ಣದ ರಕ್ಷಣೆ ಇದ್ದಾಗಲೇ ಸೋಂಕು ತಗುಲಿದ ಕೆಲವು ಕರುಗಳು ವೈರಾಣುವನ್ನು ಇಟ್ಟುಕೊಂಡೂ ಪರೀಕ್ಷೆಯಲ್ಲಿ ನೆಗೆಟಿವ್ ಬರುವುದುಂಟು. ಅಪರೂಪ, ಆದರೆ ಉಂಟು.

ಮನುಷ್ಯರ ಕಾಗದ

ಹೆಸರು ಬಂತೆಂದು ಒಂದು ಮಾತು. ಈಗ ಪಟ್ಟಣಗಳಲ್ಲಿ ‘ಫುಲ್ ಬಾಡಿ ಚೆಕಪ್’ ಮಾಡಿಸಿದ ಹುಡುಗರಿಗೆ ಕೆಲವೊಮ್ಮೆ ಹರ್ಪಿಸ್ ಪಾಸಿಟಿವ್ ಎಂಬ ಕಾಗದ ಬರುತ್ತದೆ, ಮನೆಯಲ್ಲಿ ಗಂಡ-ಹೆಂಡತಿ ಮಾತು ಬಿಡುವವರೆಗೆ ಹೋಗುತ್ತದೆ. ಅಲ್ಲಿಯೂ ನಮ್ಮ ಗೌರಿಯದೇ ಕಥೆ. ತುಟಿಯ ಗುಳ್ಳೆಯ ಒಂದನೇ ನಮೂನೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಅಂದಾಜಿನಂತೆ ಜಗತ್ತಿನ 50 ವರ್ಷದೊಳಗಿನವರಲ್ಲಿ ನೂರಕ್ಕೆ 64 ಜನರಿಗೆ ಇದೆ, ಹೆಚ್ಚಿನವರಿಗೆ ಸಣ್ಣವರಿದ್ದಾಗಲೇ ಬಂದದ್ದು. ಎರಡನೇ ನಮೂನೆಯ ಐಜಿಜಿ ಪರೀಕ್ಷೆಯಲ್ಲಿ ಅಂಕಿ 1.1ರಿಂದ 3ರೊಳಗೆ ಬಂದರೆ ಇನ್ನೊಂದು ಬೇರೆ ವಿಧಾನದಿಂದ ಖಾತ್ರಿ ಮಾಡಿಕೊಳ್ಳಬೇಕೆಂದು ಅಮೆರಿಕದ ಸಿಡಿಸಿ 2021ರ ಮಾರ್ಗಸೂಚಿಯಲ್ಲಿ ಹೇಳಿದೆ. ಸುಳ್ಳು ಪಾಸಿಟಿವ್ ಬರುತ್ತವೆಂದು ಅಲ್ಲಿನ ಎಫ್‌ಡಿಎ 2023ರಲ್ಲಿ ಎಚ್ಚರಿಸಿದೆ. ಐಜಿಎಂ ಪರೀಕ್ಷೆಯಂತೂ ಯಾವ ನಮೂನೆ, ಹೊಸದೋ ಹಳೆಯದೋ ಎಂದು ನೆಚ್ಚಿ ಹೇಳುವುದಿಲ್ಲ. ಯಾವ ಲಕ್ಷಣವೂ ಇಲ್ಲದವರು ಸುಮ್ಮನೆ ಈ ಪರೀಕ್ಷೆ ಮಾಡಿಸುವುದೇ ಬೇಡ ಎನ್ನುವುದು ಅಲ್ಲಿನ ತಜ್ಞರ ಸಲಹೆ. ಕಾಗದ ಬಂದೇಬಿಟ್ಟಿದ್ದರೆ ಜಗಳಕ್ಕೆ ಮುಂಚೆ ಚರ್ಮರೋಗದ ಡಾಕ್ಟರರ ಬಳಿ ಹೋಗಿ ಅಂಕಿ ತೋರಿಸಬೇಕು.

ನಮ್ಮ ಮನೆಯಲ್ಲಿ ಈಗ ಗೌರಿಯ ಕಿವಿಯೋಲೆ ನಂಬರು, ಎರಡೂ ವರದಿ, ಕರುವಿನ ಎರಡು ವರದಿ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಗೋಡೆಗೆ ತೂಗುತ್ತವೆ. ಯಾವ ಡಾಕ್ಟರ್ ಬಂದರೂ ಇಂಜೆಕ್ಷನ್ ಮಾಡುವ ಮುಂಚೆ ಅದನ್ನು ತೋರಿಸುತ್ತೇವೆ, ಡೆಕ್ಸಾ ಥರದ ಸ್ಟಿರಾಯ್ಡ್ ಬೇಕೇ ಬೇಕೋ ಎಂದು ಅವರು ವಿಚಾರ ಮಾಡಲಿ ಎಂದು. ಹೊಸ ದನ ತಂದರೆ ಮೂರು ವಾರ ಹಿತ್ತಲಿನ ಬೇವಿನ ಗಿಡಕ್ಕೆ ಬೇರೆ ಕಟ್ಟುತ್ತೇವೆ, ಬೇರೆ ಬಕೆಟ್ಟು. ಗೌರಿ ಮೂರನೇ ಸೂಲಿಗೆ ಹೊತ್ತಿಗೆ ಹತ್ತು ಲೀಟರಿಗೆ ಹೋದಳು. ಹಾಲು ಬಿಟ್ಟಿದ್ದ ಎರಡು ಮನೆಗಳಲ್ಲಿ ಒಂದು ಮನೆಯವರು ಮರಳಿ ಬಂದರು, ಇನ್ನೊಂದು ಮನೆಯವರು ಇನ್ನೂ ಬಂದಿಲ್ಲ. ಪೈಪ್‌ಲೈನಿಗೆ ಕೊನೆಗೆ ಎರಡು ಟಗರು ಮಾರಿದೆವು.